ಕೆಳಗಿನವನು ಏಳುವವರೆಗೆ

ಕಪ್ಪೆಯ ಹೃದಯಕ್ಕೆ ಗಂಟು ಹಾಕುವಾಗ ಕಪ್ಪೆಯಣ್ಣ ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ. ಪ್ರೊಫೆಸರರನ್ನೂ ಬಿಡುತ್ತಿರಲಿಲ್ಲ. ಹತ್ತಿ ದಾರದ ಒಂದೆಳೆಯನ್ನು ಉಪ್ಪುನೀರಿನಲ್ಲಿ ನೆನೆಸಿ, ಇಕ್ಕಳದ ತುದಿಯಲ್ಲಿ ಹಿಡಿದು, ಹೃದಯದ ಹಿಂಬದಿಯಲ್ಲಿ ಕಾಣುವ ಬೆಳ್ಳನೆಯ ಬಾಗಿದ ಗೆರೆಯ ಮೇಲೆ ಕೂರಿಸಿ, "ಈಗ ಯಾರೂ ಕೆಮ್ಮಬೇಡಿ" ಎನ್ನುತ್ತಿದ್ದರು. ಗಂಟು ಬಿಗಿಯುತ್ತಿತ್ತು. ಹೃದಯ ನಿಲ್ಲುತ್ತಿತ್ತು.

ಆ ಗೆರೆಯ ಹಿಂದಿರುವ ತೆಳ್ಳನೆಯ ಚೀಲಕ್ಕೆ ಸೈನಸ್ ಎನ್ನುತ್ತಾರೆ. ಕಪ್ಪೆಯ ಹೃದಯಕ್ಕೆ ಅದೇ ಯಜಮಾನ. ಪ್ರತಿ ಬಡಿತವೂ ಅಲ್ಲಿ ಹುಟ್ಟಿ, ಹೃತ್ಕರ್ಣಗಳೆಂಬ ಮೇಲಿನ ಕೋಣೆಗಳಿಗೆ ಬಂದು, ಅಲ್ಲಿಂದ ಹೃತ್ಕುಕ್ಷಿ ಎಂಬ ಕೆಳಗಿನ ಕೋಣೆಗೆ ಇಳಿಯುತ್ತದೆ. ಗಂಟು ಬಿದ್ದ ಮೇಲೂ ಸೈನಸ್ ತನ್ನ ಪಾಡಿಗೆ ಮಿಡಿಯುತ್ತಲೇ ಇರುತ್ತದೆ. ಆದರೆ ಅದರ ಆಜ್ಞೆ ಮುಂದಕ್ಕೆ ಹೋಗುವುದಿಲ್ಲ, ಉಳಿದ ಹೃದಯ ಅಲ್ಲಾಡದೆ ಬಿದ್ದಿರುತ್ತದೆ. ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ "ಸತ್ತೋಯ್ತು" ಎನ್ನುತ್ತಿದ್ದ. ಕಪ್ಪೆಯಣ್ಣ ತಲೆ ಎತ್ತದೆ "ಇರಿ, ಕಾಯೋಣ" ಎನ್ನುತ್ತಿದ್ದರು. ಒಮ್ಮೊಮ್ಮೆ ಅರ್ಧ ನಿಮಿಷ, ಒಮ್ಮೊಮ್ಮೆ ಹತ್ತು ನಿಮಿಷ. ಹುಡುಗಿಯರು ಗಡಿಯಾರ ನೋಡುತ್ತಿದ್ದರು, ಹುಡುಗರು ಕ್ಯಾಂಟೀನಿನ ಕಡೆ ನೋಡುತ್ತಿದ್ದರು. ಕೊನೆಗೆ ಕೆಳಗಿನ ಕೋಣೆ ಯಾರ ಅಪ್ಪಣೆಯೂ ಇಲ್ಲದೆ ಒಮ್ಮೆ ಮುದುಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಮೊದಲಿನ ವೇಗದ ಅರ್ಧದಷ್ಟೂ ಇಲ್ಲ, ಆದರೂ ಬಡಿತ ಬಡಿತವೇ. "ನೋಡಿ, ಕೆಳಗಿನವನು ಎದ್ದ" ಎಂದು ಕಪ್ಪೆಯಣ್ಣ ಕೈ ತೊಳೆಯಲು ಹೋಗುತ್ತಿದ್ದರು.

ಇದನ್ನು ಅವರು ಮೂವತ್ತೊಂದು ವರ್ಷ ಮಾಡಿದರು. ನಮ್ಮ ಕಾಲೇಜಿನ ಶರೀರಕ್ರಿಯಾ ವಿಭಾಗದಲ್ಲಿ ಅವರು ಅಟೆಂಡರ್. ನಾನು ಅದೇ ವಿಭಾಗದಲ್ಲಿ ಪಾಠ ಹೇಳುವವಳು, ಈಗ ಮುಖ್ಯಸ್ಥೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಹಾಕಿದ ಗಂಟು ಜಾರಿ ಹೃದಯದ ಬದಲು ಶ್ವಾಸಕೋಶಕ್ಕೆ ಬಿದ್ದಾಗ, ನಲವತ್ತು ಮಕ್ಕಳ ಎದುರು ಅವರು ತುಟಿಪಿಟಕ್ ಎನ್ನಲಿಲ್ಲ. ಮಕ್ಕಳು ಹೋದ ಮೇಲೆ ನನ್ನ ಮುಂದೆ ದಾರದ ಉಂಡೆ ಮತ್ತು ಒಂದು ಪೆನ್ಸಿಲ್ ಇಟ್ಟು, "ಮೇಡಂ, ನೂರು ಗಂಟು" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಲೂ ಬಂತು. ಆದರೂ ಕೂತು ಹಾಕಿದೆ.

ಅವರು ಓದಿದ್ದು ಕಡಿಮೆ. ಆದರೆ ನಾನು ಪಾಠ ಮಾಡುವಾಗ ಹಿಂದಿನ ತೊಟ್ಟಿಯ ಬಳಿ ನಿಂತು ಗಾಜಿನ ಸಾಮಾನು ತೊಳೆಯುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೀನಿಗೆ, ಕಪ್ಪೆಗೆ, ಆಮೆಗೆ ಸೈನಸ್ ಕಣ್ಣಿಗೆ ಕಾಣುವ ಚೀಲ. ಹಕ್ಕಿಗಳಲ್ಲಿ, ನಮ್ಮಂಥ ಪ್ರಾಣಿಗಳಲ್ಲಿ ಅದು ಬಲ ಹೃತ್ಕರ್ಣದ ಗೋಡೆಯೊಳಗೆ ಸೇರಿಹೋಗಿ, ಬರಿಗಣ್ಣಿಗೆ ಗುರುತು ಸಿಗದ ಪುಟ್ಟ ಗಂಟಾಗಿ ಉಳಿದಿದೆ ಎಂದು ನಾನು ಹೇಳಿದ ದಿನ ಅವರ ಕೈಯ ಬೀಕರು ಹಾಗೇ ನಿಂತಿತು. "ಹಂಗಾದ್ರೆ ನಮ್ಮ ಯಜಮಾನ ಗೋಡೆ ಒಳಗೆ ಬಚ್ಚಿಟ್ಕೊಂಡಿದಾನೆ ಅನ್ನಿ" ಎಂದರು. ಮಾರನೆಯ ವಾರ ಎರಡು ದಿನ ಕಾವಿಗಿಟ್ಟ ಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ತೋರಿಸಿದೆವು. ಹಳದಿಯ ಮೇಲೆ ಒಂದು ಕೆಂಪು ಚುಕ್ಕೆ ಮಿಣುಕುತ್ತಿತ್ತು. ಮೊದಲು ಕಣ್ಣಿಗೆ ಕಾಣುವುದು ಕೆಳಗಿನ ಕೋಣೆಯ ಬಡಿತ, ಆಮೇಲೆ ರೂಪುಗೊಂಡ ಮೇಲಿನದು ಅದಕ್ಕಿಂತ ಚುರುಕು, ಎಲ್ಲಕ್ಕಿಂತ ಕೊನೆಗೆ ಬರುವ ಸೈನಸ್ ಎಲ್ಲಕ್ಕಿಂತ ಚುರುಕು. ಯಾರು ಬೇಗ ಬಡಿಯುತ್ತಾರೋ ಉಳಿದವರು ಅವರ ಹಿಂದೆ ಹೋಗುತ್ತಾರೆ ಎಂದೆ.

"ಕೊನೆಗೆ ಬಂದೋರೇ ಯಜಮಾನ ಆಗೋದು ನಮ್ಮ ಡಿಪಾರ್ಟ್‌ಮೆಂಟಲ್ಲೂ ಇದೆ ಮೇಡಂ" ಎಂದರು ಕಪ್ಪೆಯಣ್ಣ. ನಾನು ಮುಖ್ಯಸ್ಥೆಯಾಗಿ ಆಗ ಹದಿನೈದು ದಿನವಾಗಿತ್ತು.

ಅವರ ಮೆಚ್ಚಿನ ಆಟ ಗಾಜಿನ ಕಡ್ಡಿಯದು. ಕಡ್ಡಿಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಕಪ್ಪೆಯ ಹೃತ್ಕುಕ್ಷಿಗೆ ತಾಗಿಸಿದರೆ ಬಡಿತದ ಎಣಿಕೆ ಬದಲಾಗುವುದಿಲ್ಲ. ಸೈನಸ್‌ಗೆ ತಾಗಿಸಿದರೆ ಇಡೀ ಹೃದಯ ಓಡತೊಡಗುತ್ತದೆ. ಯಜಮಾನ ಯಾರೆಂದು ತಿಳಿಯಲು ಅದಕ್ಕಿಂತ ಸರಳವಾದ ದಾರಿಯಿಲ್ಲ. ಇದನ್ನೆಲ್ಲ ನೋಡಿ ನೋಡಿ ಅವರಿಗೆ ಹೃದಯದ ಮೇಲೆ ಒಂದು ವಿಶ್ವಾಸ ಹುಟ್ಟಿತ್ತು. ಎಷ್ಟೇ ಕಾಟ ಕೊಟ್ಟರೂ ಅದು ಎದ್ದೇ ಏಳುತ್ತದೆ ಎಂಬ ವಿಶ್ವಾಸ. ಅದನ್ನು ಅವರಿಗೆ ಕೊಟ್ಟವಳು ನಾನು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಒಂದು ವರ್ಷ ಸುತ್ತೋಲೆ ಬಂತು: ಇನ್ನು ಕಪ್ಪೆ ಕೊಯ್ಯುವಂತಿಲ್ಲ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ತೋರಿಸಬೇಕು. ಒಳ್ಳೆಯದೇ ಆಯಿತು, ಕಪ್ಪೆಗಳ ಮಟ್ಟಿಗಂತೂ. ಉದ್ದನೆಯ ಮೇಜುಗಳ ಮೇಲೆ ಹದಿನಾರು ಕಂಪ್ಯೂಟರುಗಳು ಕೂತವು. ಕಪ್ಪೆಯಣ್ಣನ ಕೆಲಸ ಬೆಳಿಗ್ಗೆ ಅವುಗಳ ಸ್ವಿಚ್ಚು ಹಾಕುವುದು, ಸಂಜೆ ಆರಿಸುವುದು, ನಡುವೆ ಉತ್ತರಪತ್ರಿಕೆಗಳ ಕಟ್ಟುಗಳನ್ನು ಮೂರನೇ ಮಹಡಿಗೆ ಹೊರುವುದು. ಪರದೆಯ ಮೇಲಿನ ಕಪ್ಪೆಗೆ ಗುಂಡಿ ಒತ್ತಿ ಗಂಟು ಹಾಕಿದರೆ ಸರಿಯಾಗಿ ಹನ್ನೆರಡು ಸೆಕೆಂಡಿಗೆ ಕೆಳಗಿನವನು ಏಳುತ್ತಿದ್ದ. ಹದಿನಾರೂ ಪರದೆಗಳಲ್ಲಿ ಹನ್ನೆರಡೇ ಸೆಕೆಂಡು. "ಇದಕ್ಕೆ ಸುಸ್ತೇ ಇಲ್ವಲ್ಲ ಮೇಡಂ" ಎಂದು ಅವರು ಸ್ಟೂಲಿನ ಮೇಲೆ ಕೂತರು. ಆ ದಿನಗಳಲ್ಲಿ ಅವರು ಬಹಳ ಕೂರುತ್ತಿದ್ದರು. ಕೆಲಸ ತಪ್ಪಿದ ಬೇಸರ ಎಂದುಕೊಂಡೆ. ಶರೀರಕ್ರಿಯೆ ಪಾಠ ಹೇಳುವವಳಿಗೆ ಎದುರಿಗಿದ್ದ ಶರೀರ ಕಾಣಲಿಲ್ಲ.

ಅವರು ಬಿದ್ದದ್ದು ಎರಡನೇ ಮಹಡಿಯ ಮೆಟ್ಟಿಲಿನಲ್ಲಿ. ಉತ್ತರಪತ್ರಿಕೆಗಳೆಲ್ಲ ಕೆಳಗಿನವರೆಗೆ ಹರಡಿದ್ದವು. ನಾನು ಓಡಿ ಬರುವಷ್ಟರಲ್ಲಿ ಎದ್ದು ಕೂತು, "ಕಾಲು ಜಾರ್ತು" ಎನ್ನುತ್ತಾ ಪುಟ ಸಂಖ್ಯೆ ನೋಡಿ ಜೋಡಿಸುತ್ತಿದ್ದರು. ಮಣಿಕಟ್ಟು ಹಿಡಿದೆ. ನಿಮಿಷಕ್ಕೆ ಮೂವತ್ತಾರು. ಮತ್ತೊಮ್ಮೆ ಎಣಿಸಿದೆ. ಮೂವತ್ತಾರೇ. ಅವತ್ತೇ ಪಕ್ಕದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿಯ ಹೃದಯದ ಡಾಕ್ಟರು ನಮ್ಮದೇ ಹಳೆಯ ವಿದ್ಯಾರ್ಥಿ. ಕಪ್ಪೆಯಣ್ಣ ಅವನಿಗೆ ಇಟ್ಟಿದ್ದ ಹೆಸರು ನಡುಗೋ ಕೈ. ಅವನು ಇಸಿಜಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. "ಅಣ್ಣಾ, ನಿಮ್ಮ ಮೇಲಿನ ಗಂಟು ದಣಿದಿದೆ. ಆಗಾಗ ಪೂರ್ತಿ ಸುಮ್ಮನಾಗ್ತಿದೆ. ಪೇಸ್‌ಮೇಕರ್ ಹಾಕ್ಲೇಬೇಕು. ಭುಜದ ಹತ್ತಿರ ಸಣ್ಣ ಡಬ್ಬಿ, ಅದರಿಂದ ಒಂದು ತಂತಿ ಹೃದಯದೊಳಕ್ಕೆ. ಒಂದು ಗಂಟೆ ಕೆಲಸ."

"ಯಾರು ಹಾಕೋದು?"

"ನಾನೇ."

"ನೀವು ಮೂರು ಸಲ ಗಂಟು ತಪ್ಪಿಸಿದ್ರಿ ಡಾಕ್ಟ್ರೇ."

ಅವನು ನಕ್ಕ, ನಾನೂ ನಕ್ಕೆ. ಕಪ್ಪೆಯಣ್ಣ ಅಂಗಿಯ ಗುಂಡಿ ಹಾಕಿಕೊಂಡು ಎದ್ದು, ಚಪ್ಪಲಿ ಮೆಟ್ಟಿ, ಹೊರಟೇಬಿಟ್ಟರು. ಅವರು ತಮಾಷೆ ಮಾಡಿದ್ದಲ್ಲ ಎಂದು ನಮಗೆ ಆಮೇಲೆ ಅರ್ಥವಾಯಿತು. ರಜೆ ಹಾಕಿ ಮನೆಯಲ್ಲಿ ಕೂತರು. ಡಾಕ್ಟರು ಎರಡು ಸಲ ಫೋನ್ ಮಾಡಿದ, ನಾನು ನಾಲ್ಕು ಸಲ. ಪ್ರತಿ ಸಲವೂ "ನೋಡೋಣ" ಎಂಬ ಒಂದೇ ಉತ್ತರ.

ಮೂರು ವಾರ ಕಳೆದ ಮೇಲೆ ಅವರ ಹೆಂಡತಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಇಸ್ತ್ರಿ ಯಂತ್ರದ ಕಾದ ಉರುಳೆಗೆ ಹಾಸಿಗೆಯ ಬಟ್ಟೆ ಕೊಡುವ ಕೆಲಸ ಅವರದು. ಊಟದ ಬಿಡುವಿನಲ್ಲಿ ಓಡಿ ಬಂದಿದ್ದರು. ಮೊಣಕೈವರೆಗೆ ಚರ್ಮ ಕೆಂಪಾಗಿ ಒಣಗಿತ್ತು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೂರಿ ಎಂದರೂ ಕೂರಲಿಲ್ಲ.

"ಮೇಡಂ, ನೀವು ಬಂದು ಹೇಳಿ. ನೀವು ಹೇಳಿದ್ದನ್ನೇ ಹಿಡ್ಕೊಂಡು ಕೂತಿದಾರೆ."

"ನಾನೇನು ಹೇಳಿದೆ ಅಕ್ಕಾ?"

"ಮೇಲಿನವನು ಮಲಗಿದ್ರೆ ಕೆಳಗಿನವನು ಏಳ್ತಾನಂತಲ್ಲ. ಅದೇ."

ಸಂಜೆ ಅವರ ಕೆಲಸ ಮುಗಿದ ಕೂಡಲೇ ಜೊತೆಗೆ ಹೊರಟೆ.

ಅವರ ಮನೆ ಎರಡೇ ಕೋಣೆಯದು, ಕೆಳಗೆ ಸೈಕಲ್ ರಿಪೇರಿ ಅಂಗಡಿ. ಮೆಟ್ಟಿಲ ಕಂಬಿಯ ಉದ್ದಕ್ಕೂ, ಬಚ್ಚಲಿನ ಹೊಸ್ತಿಲ ಬಳಿಯೂ ಹಳೆಯ ಕಂಬಳಿಯ ತುಂಡುಗಳನ್ನು ಸುತ್ತಿ ಹಗ್ಗದಿಂದ ಬಿಗಿದಿತ್ತು. ಮೇಜಿನ ನಾಲ್ಕು ಮೂಲೆಗೂ ಬಟ್ಟೆ. ಅಕ್ಕನ ಕೈಕೆಲಸ ಎಂದು ಹೇಳಬೇಕಾಗಿರಲಿಲ್ಲ. ಕಪ್ಪೆಯಣ್ಣ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಸೊರಗಿದ್ದರು. ನನ್ನನ್ನು ನೋಡಿ ಏಳಲು ಹೋದರು, ಬೇಡ ಎಂದೆ.

"ಮೇಡಂ, ನನ್ನದು ನಲವತ್ತಕ್ಕಿಂತ ಕಮ್ಮಿ ಬಡೀತಿದೆ ಅಂದ್ರೆ ಕೆಳಗಿನವನು ಎದ್ದಿದಾನೆ ಅಂತ್ಲೇ ಅಲ್ವಾ? ನಿಧಾನ, ಒಪ್ತೀನಿ. ಕಪ್ಪೆದೂ ನಿಧಾನಾನೇ. ಅದು ಸಂಜೆವರೆಗೂ ಬಡೀತಿತ್ತು."

"ಅಣ್ಣಾ, ಅದು ಕಪ್ಪೆ."

"ಮೀನು, ಆಮೆ, ಕೋಳಿ, ಮನುಷ್ಯ, ಎಲ್ಲಾ ಒಂದೇ ಪಾಠ ಅಂತ ನೀವೇ ಹೇಳ್ತಿದ್ರಿ."

ಹೌದು, ಹೇಳುತ್ತಿದ್ದೆ. ಕಪ್ಪೆಗೆ ಚರ್ಮದಿಂದಲೂ ಉಸಿರಾಡಲು ಬರುತ್ತದೆ, ಅದು ತಣ್ಣನೆಯ ಪ್ರಾಣಿ, ಅದರ ಮೆದುಳು ರಕ್ತವಿಲ್ಲದೆ ಬಹಳ ಹೊತ್ತು ತಡೆದುಕೊಳ್ಳುತ್ತದೆ. ಬಿಸಿರಕ್ತದ ನಮಗೆ ಹತ್ತು ಸೆಕೆಂಡು ತಪ್ಪಿದರೆ ಪ್ರಜ್ಞೆ ಹೋಗುತ್ತದೆ, ಕೆಲವೇ ನಿಮಿಷ ತಪ್ಪಿದರೆ ಮೆದುಳೇ ಹೋಗುತ್ತದೆ. ನಮ್ಮೊಳಗಿನ ಕೆಳಗಿನವನು ಏಳುವುದು ನಿಜ; ಆದರೆ ಅವನು ಏಳಲೇಬೇಕೆಂದಿಲ್ಲ, ಎದ್ದರೂ ಸಮಯಕ್ಕೆ ಏಳುತ್ತಾನೆಂದು ಬರೆದುಕೊಟ್ಟವರಿಲ್ಲ. ಇಷ್ಟನ್ನೂ ಅವತ್ತು ಆ ಚಾಪೆಯ ಮೇಲೆ ಕೂತು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದನ್ನ ಪಾಠದಲ್ಲಿ ಹೇಳ್ಲೇ ಇಲ್ಲ ನೀವು" ಎಂದರು.

ಹೇಳಿರಲಿಲ್ಲ. ಹದಿನಾಲ್ಕು ವರ್ಷ ಹೇಳಿರಲಿಲ್ಲ, ಏಕೆಂದರೆ ಕಪ್ಪೆಯ ಪ್ರಾಕ್ಟಿಕಲ್ಲಿನಲ್ಲಿ ಆ ಪ್ರಶ್ನೆ ಬರುವುದಿಲ್ಲ. ಈಗ ಪ್ರತಿ ವರ್ಷ ಹೇಳುತ್ತೇನೆ. ಮಕ್ಕಳು ಪರೀಕ್ಷೆಗೆ ಇದೆಯಾ ಮೇಡಂ ಎಂದು ಕೇಳುತ್ತಾರೆ, ಇಲ್ಲ ಎಂದರೆ ಪೆನ್ನು ಕೆಳಗಿಡುತ್ತಾರೆ. ಆದರೂ ಹೇಳುತ್ತೇನೆ.

ಕಪ್ಪೆಯಣ್ಣ ತಮ್ಮ ಅಂಗೈಗಳನ್ನೇ ನೋಡಿಕೊಂಡು ಮಾತಾಡಿದರು. "ಇನ್ನೊಂದು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ದಣಿದ ಕಪ್ಪೆ ಹೃದಯಕ್ಕೆ ತಂತಿ ಇಟ್ಟು ಕರೆಂಟ್ ಕೊಡ್ತಿದ್ವಲ್ಲ, ಅದು ನಿಲ್ಬೇಕು ಅಂತಿರುತ್ತೆ, ನಾವು ಬಿಡ್ತಿರ್ಲಿಲ್ಲ. ಒಂದೊಂದು ಏಟಿಗೂ ಒಂದೊಂದು ಬಡಿತ. ನನ್ನ ಕೈಯಾರೆ ಮಾಡಿದೀನಿ. ಎಷ್ಟು ಸಾವಿರ ಕಪ್ಪೆಗೆ ಮಾಡಿದೀನೋ. ಈಗ ನನಗೂ ಸುಸ್ತಾಗಿದೆ ಮೇಡಂ. ಅದಕ್ಕೂ ಸುಸ್ತಾಗಿದ್ರೆ ಬಿಟ್ಬಿಡೋಣ."

ನನಗೂ ಆ ವರ್ಷ ಸುಸ್ತಾಗಿತ್ತು, ಹಾಗಾಗಿ ಅವರ ಮಾತು ನನ್ನೊಳಗೂ ಇಳಿಯಿತು. ಮಾತಾಡಿದ್ದು ಅಕ್ಕ. ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತಲ್ಲಿಂದಲೇ ಮಾತಾಡಿದರು.

"ನೀವು ಬೀಳೋದು ನಿಮಗೆ ಗೊತ್ತಾಗುತ್ತಾ?"

"ಇಲ್ಲ. ಸ್ವಿಚ್ಚು ಆರಿಸ್ದಂಗೆ ಅಷ್ಟೇ. ಕಣ್ಣು ಬಿಟ್ರೆ ನೆಲದ ಮೇಲಿರ್ತೀನಿ."

"ನನಗೆ ಗೊತ್ತಾಗುತ್ತೆ. ಮೊದಲನೇ ಸಲ ಇಲ್ಲೇ ಬಿದ್ರಲ್ಲ, ನಾಲ್ಕು ಎಣಿಸಿದೆ, ಕಣ್ಣು ಬಿಟ್ರಿ. ಈ ಮನೆ ಮೆಟ್ಟಿಲ ಮೇಲೆ ಏಳು. ಬಚ್ಚಲ ಹತ್ರ ಹನ್ನೊಂದು. ಮೊನ್ನೆ ಭಾನುವಾರ ಬಟ್ಟೆ ಮಡಚ್ತಾ ಹಂಗೇ ವಾಲಿದ್ರಿ, ಹದಿನೇಳು."

ನಾನು ತಿರುಗಿ ನೋಡಿದೆ. ಇದು ನನಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಕಪ್ಪೆಯಣ್ಣ ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತರು. ಹೆಂಡತಿಯ ಮುಖ ನೋಡಿ ಅವರು ಕೇಳಿದ ಪ್ರಶ್ನೆಯನ್ನು ಬೇರೆ ಯಾವ ಗಂಡನೂ ಕೇಳಲಾರ.

"ಯಾವ ವೇಗದಲ್ಲಿ ಎಣಿಸಿದೆ?"

ಅಕ್ಕನಿಗೆ ಕೋಪ ಬರಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದರು. ಒಂದು, ಎರಡು, ಮೂರು. ಕಪ್ಪೆಯಣ್ಣ ನನ್ನ ಕೈಗಡಿಯಾರದ ಕಡೆ ನೋಡಿದರು. ನಾನು ಮುಳ್ಳು ನೋಡಿದೆ. ಒಮ್ಮೆ ತಟ್ಟಿದರೆ ಒಂದು ಸೆಕೆಂಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಉರುಳೆಯ ಮುಂದೆ ಇಪ್ಪತ್ತು ವರ್ಷ ನಿಂತವರಿಗೆ ಹೊತ್ತಿನ ಲೆಕ್ಕ ಕೈಯಲ್ಲೇ ಇರುತ್ತದೆ.

ಕಪ್ಪೆಯಣ್ಣ ನೆಲದ ಮೇಲೆ ಬೆರಳಿನಿಂದ ನಾಲ್ಕು ಗೆರೆ ಎಳೆದರು. ಒಂದಕ್ಕಿಂತ ಒಂದು ಉದ್ದ. ನೆಲದ ಮೇಲೆ ಏನೂ ಮೂಡಲಿಲ್ಲ, ಆದರೆ ಕಪ್ಪೆಯ ಬಡಿತವನ್ನು ಮುಳ್ಳು ಗೀಚುತ್ತಿದ್ದ ಮಸಿ ಹಿಡಿಸಿದ ಕಾಗದದ ಮೇಲೆ ಇಂಥ ಗೆರೆಗಳನ್ನು ಓದುವುದೇ ಅವರ ಇಡೀ ಜೀವನದ ಕೆಲಸವಾಗಿತ್ತು. "ನಾಲ್ಕು, ಏಳು, ಹನ್ನೊಂದು, ಹದಿನೇಳು" ಎಂದರು. "ಏರ್ತಾ ಇದೆ ಮೇಡಂ."

"ಹೌದು ಅಣ್ಣಾ."

"ಕಪ್ಪೆದು ಹಿಂಗೆ ಏರ್ತಿರ್ಲಿಲ್ಲ."

"ಇಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಏನಂತಿದ್ರಿ? ಇರು, ಕಾಯೋಣ ಅಂತಿದ್ರಿ." ಅಲ್ಲಿವರೆಗೆ ತಡೆದಿದ್ದ ಕಟ್ಟೆ ಒಡೆಯಿತು. "ನಿಮಗೆ ಏಳ್ತಾನೆ ಅಂತ ಗೊತ್ತಿತ್ತು, ಕಪ್ಪೆ ನೋಡಿದ್ರಿ. ನಾನೇನು ನೋಡಿದೀನಿ? ನೆಲದ ಮೇಲೆ ನೀವು ಬಿದ್ದಿರೋದು ನೋಡಿದೀನಿ. ಎಂಟು ಅಂದಾಗ ಒಂಬತ್ತು ಬರುತ್ತೋ ನೀವು ಬರ್ತೀರೋ ನನಗೇನು ಗೊತ್ತು? ಒಂಬತ್ತು ತಿಂಗಳಾಯ್ತು. ಕೆಲಸದಲ್ಲಿ ನಿಂತಿದ್ರೂ ಎಣಿಸ್ತೀನಿ, ನೀರು ಹಿಡೀತಾ ಎಣಿಸ್ತೀನಿ. ನಿಮಗೆ ಸುಸ್ತಂತೆ. ನನ್ನ ಸುಸ್ತು ಯಾರು ಕೇಳಿದ್ರಿ?"

ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕಣ್ಣಿನ ಕೆಳಗಿನ ಕಪ್ಪು ನನ್ನ ಕೋಣೆಯ ಬಾಗಿಲಲ್ಲೇ ಕಂಡಿತ್ತು, ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ಶುರುಮಾಡಿದರು. ಕಪ್ಪೆಯಣ್ಣ ಬಹಳ ಹೊತ್ತು ಆ ಸದ್ದು ಕೇಳುತ್ತಾ ಕೂತಿದ್ದರು. ಆಮೇಲೆ, "ಆ ನಡುಗೋ ಕೈಗೆ ಫೋನ್ ಮಾಡಿ ಮೇಡಂ" ಎಂದರು. "ಇವತ್ತೇ ಬರ್ತೀವಿ ಅನ್ನಿ. ನಾಳೆವರೆಗೆ ಬೇಡ."

ನಡುಗೋ ಕೈ ನಡುಗಲಿಲ್ಲ. ತಂತಿ ಮೊದಲ ಸಲಕ್ಕೇ ಸರಿಯಾದ ಜಾಗಕ್ಕೆ ಹೋಗಿ ಕೂತಿತು.

ಮೂರನೆಯ ದಿನ ಮಧ್ಯಾಹ್ನ ನೋಡಲು ಹೋದೆ. ಎಂಟು ಮಂಚಗಳ ಉದ್ದ ವಾರ್ಡು. ಕಪ್ಪೆಯಣ್ಣ ಎಡಗೈಯನ್ನು ಕೊರಳಿಂದ ಇಳಿಬಿಟ್ಟ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು, ಬಲಗೈ ಬೆರಳುಗಳನ್ನು ಕತ್ತಿನ ಬದಿಗೆ ಒತ್ತಿಕೊಂಡು ಕೂತಿದ್ದರು. "ಅರವತ್ತು" ಎಂದರು. "ಬೆಳಿಗ್ಗೆನೂ ಅರವತ್ತು, ಈಗ್ಲೂ ಅರವತ್ತು. ಆ ಕಂಪ್ಯೂಟರ್ ಕಪ್ಪೆ ಜಾತಿಗೆ ಸೇರ್ಬಿಟ್ಟೆ." ನಗಲು ನೋಡಿದರು, ನಗು ಪೂರ್ತಿ ಬರಲಿಲ್ಲ. "ನನ್ನವನು ಏನಾದ ಮೇಡಂ? ಪೂರ್ತಿ ಮಲಗಿದ್ನಾ?"

"ಇಲ್ಲ ಅಣ್ಣಾ. ಅವನು ಬಡಿದ್ರೆ ಡಬ್ಬಿ ಬಾಯಿ ಮುಚ್ಕೊಂಡಿರುತ್ತೆ. ಅವನು ತಡ ಮಾಡಿದ್ರೆ ಮಾತ್ರ ಅದು ಬಡಿಯುತ್ತೆ."

"ಯಾವುದು ಅವನದು, ಯಾವುದು ಡಬ್ಬಿದು ಅಂತ ನನಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ."

ಅವರು ತಲೆಯಾಡಿಸಿದರು. ಅದು ಒಪ್ಪಿಗೆಯೋ ಸೋಲೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಮೂವತ್ತೊಂದು ವರ್ಷ ಹೃದಯವನ್ನು ಅಂಗೈಯಲ್ಲಿ ಹಿಡಿದು ನೋಡಿದವರಿಗೆ ತಮ್ಮದರ ಲೆಕ್ಕ ಬೇರೆಯವರ ಕೈಗೆ ಹೋದದ್ದು ಸಣ್ಣ ಮಾತಲ್ಲ. ನನಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ಅವರು ಒಪ್ಪಿದ್ದಕ್ಕೆ ಸಂತೋಷವೂ ಆಗಿತ್ತು, ಎರಡೂ ಒಟ್ಟಿಗೇ ಇದ್ದವು.

ಮಂಚದ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಅಕ್ಕ ಮಲಗಿದ್ದರು. ಕೆಲಸದ ಸಮವಸ್ತ್ರದಲ್ಲೇ, ಚಪ್ಪಲಿಯನ್ನೂ ತೆಗೆಯದೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಒಂದು ತಳ್ಳುಗಾಡಿ ಸದ್ದು ಮಾಡುತ್ತಾ ಹೋಯಿತು. ಆಚೆ ಮಂಚದ ಮಗು ಕಿರುಚಿತು. ಅವರ ರೆಪ್ಪೆ ಕೂಡ ಅಲುಗಲಿಲ್ಲ.

ನರ್ಸ್ ಬಂದು, "ಬೆಂಚ್ ಮೇಲೆ ಮಲಗೋ ಹಾಗಿಲ್ಲ, ಏಳಿಸಿ" ಎಂದು ಅಕ್ಕನ ಭುಜಕ್ಕೆ ಕೈ ಹಾಕಲು ಹೋದಳು. ಅಲುಗಾಡಿಸಬಾರದೆಂದು ಡಾಕ್ಟರು ಹೇಳಿದ್ದ ಎಡಗೈಯನ್ನೇ ಕಪ್ಪೆಯಣ್ಣ ಜೋಳಿಗೆಯಿಂದ ಎಳೆದು ಅಡ್ಡ ಹಿಡಿದರು.

"ಬೇಡಮ್ಮಾ" ಎಂದರು. "ಮಲಗ್ಲಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ."